ನೀ ಮಾಡಿದ ಕೆಲಸ ನಿನ್ನ ರೆಸ್ಯೂಮಿನ್ಯಾಗ ಕಾಣವಲ್ದು ತಂಗಿ

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಂದು ಗಂಗಾವತಿ ತಾಲೂಕು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮೂರು ವರ್ಷ ಆತು, ಅವಾಗಿಂದ ಇಲ್ಲೇ ಒಂದು 30 ಬೆಡ್ಡಿನ ನರ್ಸಿಂಗ್ ಹೋಮಿನ್ಯಾಗ ಡ್ಯೂಟಿ ಮಾಡಾಕತ್ತೀನಿ. ನೈಟ್ ಡ್ಯೂಟಿಗೆ ಇಬ್ಬರ ಇರ್ತೀವಿ. ನಾಟಿ ಟೈಮಿನ್ಯಾಗ ಹಾವು ಕಡಿದೋರು, ಬೆಳಿಗೆ ಹೊಡಿಯೋ ಎಣ್ಣಿ ಕುಡಿದೋರು ಬರ್ತಾನ ಇರ್ತಾರ, ಡಾಕ್ಟರ್ ಮನಿಯಿಂದ ಬರೋದ್ರೊಳಗ ಲೈನ್ ಹಾಕೋದು, ಆಕ್ಸಿಜನ್ ಹಚ್ಚೋದು, ಬಿಪಿ ನೋಡೋದು ಎಲ್ಲಾ ನಾವ. ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು ಅಂತ 14 ಕಡೆ ರೆಸ್ಯೂಮ್ ಕಳಿಸೀನಿ, ಒಬ್ಬರೂ ಫೋನ್ ಮಾಡಿಲ್ಲ. ಸಣ್ಣ ಆಸ್ಪತ್ರ್ಯಾಗ ಮಾಡಿದ ಕೆಲಸಕ್ಕ ದೊಡ್ಡವರು ಕಿಮ್ಮತ್ತು ಕೊಡಂಗಿಲ್ಲೇನ್ರಿ? ರೆಸ್ಯೂಮ್ ಕಾಪಿ ಜೊತಿಗೆ ಇಟ್ಟೀನಿ.

ಉತ್ತರ: ತಂಗಿ, ನಿನ್ನ ರೆಸ್ಯೂಮ್ ಎರಡು ಸಲ ಓದಿದೆ, ನಿನ್ನ ಪತ್ರಾನೂ ಎರಡು ಸಲ ಓದಿದೆ. ಪತ್ರದಾಗ ಇರೋ ನರ್ಸ್ ರೆಸ್ಯೂಮಿನ್ಯಾಗ ಇಲ್ಲವಾ.

ರೆಸ್ಯೂಮಿನ ಮೊದಲ್ನೇ ಅರ್ಧ ಪುಟ ಪೂರಾ ಅಪ್ಪನ ಹೆಸರು, ಜಾತಿ, ಮದುವಿ ಆಗಿಲ್ಲ ಅನ್ನೋದು, ಎತ್ತರ, ತೂಕ, ವಿಳಾಸ ಎರಡು ಸಲ. ಅದರ ಕೆಳಗ ಆಬ್ಜೆಕ್ಟಿವ್ ಅಂತ, ಹೆಸರಾಂತ ಸಂಸ್ಥೆಯೊಳಗ ನನ್ನ ಕೌಶಲ್ಯ ಬಳಸಿ ಸಂಸ್ಥೆ ಜೊತಿ ಬೆಳಿಬೇಕು ಅನ್ನೋ ಸಾಲು. ನಾ ಬಳ್ಳಾರಿಯಾಗ ಖಾಸಗಿ ಆಸ್ಪತ್ರ್ಯಾಗ ಇದ್ದಾಗ ಇಂಟರ್‌ವ್ಯೂ ಟೇಬಲ್ಲಿಗೆ ಕೂತು ಈ ಸಾಲು ಎಷ್ಟು ಸಲ ಓದೀನೋ ಲೆಕ್ಕ ಇಲ್ಲ, ಜೆರಾಕ್ಸ್ ಅಂಗಡಿ ಕಂಪ್ಯೂಟರಿನ್ಯಾಗ ಒಂದು ಫೈಲ್ ಇರ್ತದ, ಹೆಸರು ಬದಲಿ ಮಾಡಿ ಪ್ರಿಂಟ್ ತಗದು ಕೊಡ್ತಾರ, ಒಂದು ಸಲ ಬ್ಯಾರೆ ಹುಡುಗಿ ಅಪ್ಪನ ಹೆಸರು ಹಂಗ ಉಳಿದಿದ್ದ ರೆಸ್ಯೂಮ್ ನನ್ನ ಕೈಗೆ ಬಂದಿತ್ತು. ಆ ಹುಡುಗಿ ಚಲೋ ಕೆಲಸದಾಕಿನ ಇರಬಹುದು, ಆದ್ರ ತನ್ನ ಕಾಗದ ತಾನ ಓದದಾಕಿ ಡ್ರಗ್ ಚಾರ್ಟ್ ಹೆಂಗ ಓದ್ತಾಳ ಅಂತ ಅನುಮಾನ ಬಂದ ಬರ್ತದ.

ಮತ್ತ ನಿನ್ನ ಮೂರು ವರ್ಷದ ಕೆಲಸಕ್ಕ ಕೊಟ್ಟಿರೋದು ಎಷ್ಟು ಜಾಗ? ಒಂದ ಸಾಲು. ಸ್ಟಾಫ್ ನರ್ಸ್, 3 ವರ್ಷ ಅನುಭವ. ಅಷ್ಟ. ಓದೋರಿಗೆ ನೀ ಜನರಲ್ ವಾರ್ಡಿನ್ಯಾಗ ಇದ್ಯೋ, ಕ್ಯಾಜುವಾಲ್ಟಿಯಾಗ ಇದ್ಯೋ, ಲೇಬರ್ ರೂಮಿನ್ಯಾಗ ಇದ್ಯೋ ಹೆಂಗ ಗೊತ್ತಾಗಬೇಕು?

ಹಿಂಗ ಮಾಡು. ಎಲ್ಲಕ್ಕಿಂತ ಮ್ಯಾಲ ಹೆಸರು, ಫೋನ್ ನಂಬರ್, ಇಮೇಲ್, ಅದರ ಕೆಳಗ ತಕ್ಷಣ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಆರ್‌ಎನ್ ಆರ್‌ಎಂ (ನರ್ಸ್, ಸೂಲಗಿತ್ತಿ ಅಂತ ಕೊಡೋ) ನಂಬರು, ಎಲ್ಲಿತನಕ ವ್ಯಾಲಿಡಿಟಿ ಐತಿ ಅನ್ನೋದು. ನಿನ್ನ ರೆಸ್ಯೂಮಿನ್ಯಾಗ ಇದು ಎರಡನೇ ಪುಟದ ಕಡೀಗೆ, ಹಾಬೀಸ್ ಕೆಳಗ ಐತಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೊದಲು ಹುಡುಕೋದ ಅದನ್ನ, ರಿಜಿಸ್ಟ್ರೇಷನ್ ಇಲ್ಲದೋರನ್ನ ಡ್ಯೂಟಿಗೆ ಹಾಕಾಕ ಬರಂಗಿಲ್ಲ, ಸಿಗಲಿಲ್ಲ ಅಂದ್ರ ಮುಂದಿನ ರೆಸ್ಯೂಮಿಗೆ ಕೈ ಹೋಗ್ತದ.

ಆಮ್ಯಾಲ ಕೆಲಸ. ಇಲ್ಲಿ ಜಿಪುಣತನ ಮಾಡಬ್ಯಾಡ. ಆಸ್ಪತ್ರೆ ಹೆಸರು, ಊರು, ಎಷ್ಟು ಬೆಡ್ಡು, ಯಾವ ತಿಂಗಳಿಂದ ಯಾವ ತಿಂಗಳತನಕ, ಯಾವ ಯಾವ ವಿಭಾಗ, ಒಂದು ಶಿಫ್ಟಿಗೆ ನಿನ್ನ ಪಾಲಿಗೆ ಎಷ್ಟು ಪೇಷಂಟು. ಅದರ ಕೆಳಗ ನಿನ್ನ ಕೈಯಿಂದ ಏನೇನು ಮಾಡೀದಿ ಅದು. ರೆಸ್ಯೂಮ್ ಇಂಗ್ಲಿಷಿನ್ಯಾಗ ಇರಬೇಕಾದ್ರೂ ಮೊದಲು ಒಂದು ಹಾಳಿ ತಗೊಂಡು ಕನ್ನಡದಾಗ ಬರಿ, ನನಗ ಪತ್ರ ಬರೆದಂಗ ಬರಿ, ಇಂಗ್ಲಿಷು ಆಮ್ಯಾಲ ಯಾರ ಹತ್ರ ಆದ್ರೂ ತಿದ್ದಿಸಬಹುದು. ಉದಾಹರಣೆಗೆ ಹಿಂಗ: ನೈಟ್ ಶಿಫ್ಟಿನ್ಯಾಗ ಇಬ್ಬರು ನರ್ಸ್ 30 ಬೆಡ್ ನೋಡ್ತಿದ್ವಿ, ಹಾವು ಕಡಿತ, ವಿಷ ಸೇವನೆ ಕೇಸ್ ಬಂದಾಗ ಡಾಕ್ಟರ್ ಬರೋತನಕ ಏರ್‌ವೇ, ಆಕ್ಸಿಜನ್, ಐವಿ ಲೈನ್, ವೈಟಲ್ಸ್ ನೋಡಿಕೊಂಡು, ಡಾಕ್ಟರ್ ಆರ್ಡರ್ ಪ್ರಕಾರ ಎಎಸ್‌ವಿ (ಹಾವಿನ ವಿಷಕ್ಕ ಮದ್ದು), ಅಟ್ರೋಪಿನ್ (ಬೆಳಿ ಎಣ್ಣಿ ವಿಷಕ್ಕ ಮದ್ದು) ಕೊಟ್ಟು ಚಾರ್ಟ್ ಮಾಡೀನಿ. ಎಎಸ್‌ವಿ, ಅಟ್ರೋಪಿನ್ ನೀ ಖರೇನ ಕೊಟ್ಟಿದ್ರ ಅಷ್ಟ ಬರಿ ಮತ್ತ. ಈ ಒಂದು ಸಾಲು ನಿನ್ನ ಎರಡು ಪುಟಕ್ಕಿಂತ ತೂಕದ್ದು ತಂಗಿ.

ಸಣ್ಣ ಆಸ್ಪತ್ರೆ ಅಂತ ನಾಚ್ಕೋಬ್ಯಾಡ. ಸಿಂಧನೂರು ಕಡೆಯಿಂದ ಒಬ್ಬ ಹುಡುಗಿ ಇಂಟರ್‌ವ್ಯೂಗೆ ಬಂದಿದ್ಲು, ರೆಸ್ಯೂಮ್ ನಿನ್ನ ಥರಾನ ಖಾಲಿ. ನಾ ಬಿಟ್ಟು ಬಿಡೋಳಿದ್ದೆ, ಯಾಕೋ ಒಂದು ಮಾತು ಕೇಳಿದೆ, ಅಲ್ಲಿ ಯಾವ ಕೇಸ್ ಜಾಸ್ತಿ ಬರ್ತಾವವಾ ಅಂತ. ಹಾವು ಅಂದ್ಲು. ಏನು ಮಾಡ್ತಿದ್ದಿ ಅಂದ್ರ ಒಂದು ಉಸಿರಿಗೆ ಹೇಳಿದ್ಲು, ಹೊಸಾ ಒಣಗಿದ ಗಾಜಿನ ಟ್ಯೂಬಿನ್ಯಾಗ 2 ಎಂಎಲ್ ರಕ್ತ ತಗೊಂಡು ಅಲ್ಲಾಡಿಸದಂಗ 20 ನಿಮಿಷ ಸ್ಟ್ಯಾಂಡಿಗೆ ಇಡ್ತೀವಿ ಮೇಡಂ, ಆಮ್ಯಾಲ ಒಮ್ಮೆ ಬಗ್ಗಿಸಿ ನೋಡ್ತೀವಿ, ರಕ್ತ ಹೆಪ್ಪುಗಟ್ಟದ ಹರಿದ್ರ ವಿಷ ರಕ್ತಕ್ಕ ಏರೇತಿ ಅಂತ ಡಾಕ್ಟರಿಗೆ ತಕ್ಷಣ ಹೇಳ್ತೀವಿ, ಪ್ಲಾಸ್ಟಿಕ್ ಟ್ಯೂಬ್ ಬ್ಯಾಡ, ಸೋಪಿನ ಪುಡಿಯಾಗ ತೊಳೆದಿದ್ದೂ ಬ್ಯಾಡ, ರಿಸಲ್ಟ್ ತಪ್ಪು ಬರ್ತದ. ಟೈಮ್ ಹೆಂಗ ನೆನಪಿಡ್ತಿ ಗದ್ದಲದಾಗ ಅಂದೆ. ಎಡಗೈ ಅಂಗೈ ತೋರಿಸಿ ಇಲ್ಲಿ ಪೆನ್ನಿಲೆ ಬರ್ಕೊಂತೀನ್ರಿ ಅಂದ್ಲು. ಆಕೀನ ಅವತ್ತ ತಗೊಂಡ್ವಿ. ಆದ್ರ ನಾ ಆ ಪ್ರಶ್ನೆ ಕೇಳದಿದ್ರ? ಎಷ್ಟು ಮಂದಿ ಹಂಗ ಹೊಳ್ಳಿ ಹೋಗಿದ್ದಾರೋ ಅಂತ ನೆನೆಸಿಕೊಂಡ್ರ ಈಗೂ ಸಂಕಟ ಆಗ್ತದ. ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ಸೀಮಿಯಾಗ ನೀವು ನೋಡೋ ಈ ಕೇಸು ದೊಡ್ಡ ಸಿಟಿ ಆಸ್ಪತ್ರ್ಯಾಗ ಟ್ರೇನ್ ಆದೋರು ಅಷ್ಟು ನೋಡಿರಂಗಿಲ್ಲ.

ಹಂಗಂತ ಮಾಡದ್ದು ಮಾಡೀನಿ ಅಂತ ಬರೀಬ್ಯಾಡ. ನಿನ್ನ ಸ್ಕಿಲ್ಸ್ ಪಟ್ಟಿಯಾಗ ವೆಂಟಿಲೇಟರ್ ಕೇರ್ ಅಂತ ಐತಿ, ನಿಮ್ಮ 30 ಬೆಡ್ಡಿನ ಆಸ್ಪತ್ರ್ಯಾಗ ವೆಂಟಿಲೇಟರ್ ಐತೇನು? ಇಲ್ಲ ಅಂದ್ರ ತಗದು ಹಾಕು. ಇಂಟರ್‌ವ್ಯೂನ್ಯಾಗ ಅಲ್ಲೇ ಬೆರಳು ಇಟ್ಟು ಕೇಳ್ತಾರ, ಹೈ ಪ್ರೆಷರ್ ಅಲಾರಂ ಹೊಡದ್ರ ಮೊದಲು ಏನು ನೋಡ್ತಿ ಅಂತ. ಮತ್ತ ಅದಕ್ಕಿಂತ ದೊಡ್ಡ ಮಾತಂದ್ರ, ಆ ಸಾಲು ನಂಬಿ ನಾಳೆ ನಿನ್ನ ಐಸಿಯುಗೆ ಹಾಕಿದ್ರ ಅಲ್ಲಿ ಮಲಗಿರೋದು ಯಾರದೋ ತಾಯಿ. ನಾನ ಒಬ್ಬಳ ಮಾಡ್ತೀನಿ ಅನ್ನೋದು ಬ್ಯಾರೆ, ಜೊತಿಗೆ ನಿಂತು ಸಹಾಯ ಮಾಡೀನಿ ಅನ್ನೋದು ಬ್ಯಾರೆ, ಎರಡನ್ನೂ ಬ್ಯಾರೆ ಬ್ಯಾರೆ ಬರಿ, ಕಲಿಯೋರಿಗೆ ಯಾರೂ ಬೈಯಂಗಿಲ್ಲ.

ಇನ್ನ ಉಳಿದದ್ದು ಸಣ್ಣದು. ಬಿಎಲ್‌ಎಸ್ (ಎದಿ ಬಡಿತ, ಉಸಿರು ನಿಂತಾಗ ಜೀವ ಉಳಿಸೋ ತರಬೇತಿ) ಮಾಡಿದ್ರ ತಾರೀಕು ಹಾಕು, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಾರ್ಡು 2 ವರ್ಷಕ್ಕ ಮುಗೀತದ. ಭಾಷೆ ಮರೀಬ್ಯಾಡ, ಕನ್ನಡ, ತೆಲುಗು, ಹಿಂದಿ ಅಂತ ಬರಿ, ಬಳ್ಳಾರಿ ರಾಯಚೂರಿನ್ಯಾಗ ಗಡಿ ಆಚಿಂದ ಬರೋ ಪೇಷಂಟಿಗೆ ಅವರ ಮಾತಿನ್ಯಾಗ ನೋವು ಎಲ್ಲೈತಿ ಅಂತ ಕೇಳಾಕ ಬರೋದು ದೊಡ್ಡ ಗುಣ, ನಮ್ಮ ಹುಡುಗ್ಯಾರು ಅದೇನು ಬರಿಯೋದು ಅಂತ ಬಿಟ್ಟ ಬಿಡ್ತಾರ. ಒಂದು ಪುಟ, ಬಾಳ ಅಂದ್ರ ಎರಡು. ಪಿಡಿಎಫ್ ಮಾಡಿ ಕಳಿಸು, ಕಾಗದದ ಫೋಟೋ ಹೊಡದು ವಾಟ್ಸಾಪ್ ಮಾಡಬ್ಯಾಡ. ಪೇಷಂಟಿನ ಹೆಸರು, ಗಾಯದ ಫೋಟೋ ಯಾವುದೂ ಎಲ್ಲೂ ಹಾಕಬ್ಯಾಡ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗ ನಾನು, ಮಾನ್ವಿ ತಾಲೂಕು. ಎಲ್ಲಾ ಕಡೆ ಅನುಭವ ಕೇಳ್ತಾರ. ನಂದು ಶೂನ್ಯ. ಏನು ಬರೀಲಿ?

ಉತ್ತರ: ತಮ್ಮಾ, ಶೂನ್ಯ ಅನ್ನಬ್ಯಾಡ, ನಾಲ್ಕು ವರ್ಷ ನೀ ಬರೇ ಕ್ಲಾಸಿನ್ಯಾಗ ಕೂತಿಲ್ಲ. ನಿನ್ನ ಕ್ಲಿನಿಕಲ್ ಲಾಗ್ ಬುಕ್ ಎಲ್ಲೈತಿ? ಟ್ರಂಕಿನ್ಯಾಗ ಹಾಕಿಟ್ಟಿದ್ರ ಹೊರಗ ತಗಿ. ಎಷ್ಟು ಕ್ಯಾಥೆಟರ್ ಹಾಕೀದಿ, ಮೂಗಿನಿಂದ ಹೊಟ್ಟಿಗೆ ಇಳಿಸೋ ರೈಲ್ಸ್ ಟ್ಯೂಬ್ ಎಷ್ಟು, ಎಷ್ಟು ಹೆರಿಗಿ ನೋಡೀದಿ, ಎಲ್ಲಾ ಅದರಾಗ ಸಹಿ ಸಮೇತ ಐತಿ. ಯಾವ ಆಸ್ಪತ್ರ್ಯಾಗ, ಯಾವ ವಿಭಾಗದಾಗ ಎಷ್ಟು ವಾರ ಪೋಸ್ಟಿಂಗು ಅಂತ ಬರಿ, ಪೋಸ್ಟಿಂಗ್ ಇದ್ದದ್ದು ರಾಯಚೂರಿನ ರಿಮ್ಸ್‌ನ್ಯಾಗ ಆದ್ರ ಅದರ ಹೆಸರು ಸ್ಪಷ್ಟ ಹಾಕು, ಮೆಡಿಕಲ್ ಕಾಲೇಜು ಆಸ್ಪತ್ರೆಯ ರಶ್ ಎಂಥಾದ್ದು ಓದೋರಿಗೆ ಗೊತ್ತಿರ್ತದ. ಕಮ್ಯುನಿಟಿ ಪೋಸ್ಟಿಂಗಿನ್ಯಾಗ ಹಳ್ಳಿಗೆ ಹೋಗಿ ಮನಿ ಮನಿ ಸರ್ವೇ ಮಾಡಿದ್ದೂ ಬರಿ. ರಿಜಿಸ್ಟ್ರೇಷನ್ ನಂಬರ್ ಇನ್ನೂ ಬಂದಿಲ್ಲ ಅಂದ್ರ ಅರ್ಜಿ ಹಾಕೀನಿ, ಇಂಥಾ ತಾರೀಕಿಗೆ ಅಂತ ಇದ್ದದ್ದು ಇದ್ದಂಗ ಬರಿ.

ಪ್ರಶ್ನೆ: ಮದುವೆಗೆ ಮೊದಲು ನಾಲ್ಕು ವರ್ಷ ಲೇಬರ್ ರೂಮಲ್ಲಿ ಕೆಲಸ ಮಾಡಿದ್ದೆ. ಮಕ್ಕಳಾದ ಮೇಲೆ 6 ವರ್ಷ ಮನೇಲೇ ಇದ್ದೀನಿ. ಈಗ ಮತ್ತೆ ಹೋಗ್ಬೇಕು ಅಂತ ಆಸೆ. ಗ್ಯಾಪ್ ಮುಚ್ಚಿಡೋದು ಹೇಗೆ? ಸಿರುಗುಪ್ಪ.

ಉತ್ತರ: ಮುಚ್ಚಿಡಬ್ಯಾಡ್ರಿ. ಇಂಥಾ ವರ್ಷದಿಂದ ಇಂಥಾ ವರ್ಷದತನಕ ಮಕ್ಕಳ ಪಾಲನೆ ಅಂತ ಒಂದ ಸಾಲು ಬರೀರಿ, ವಿವರಣೆ ಬ್ಯಾಡ, ಕ್ಷಮೆ ಕೇಳೋದಂತೂ ಬ್ಯಾಡವೇ ಬ್ಯಾಡ. ವರ್ಷ ಹೊಂದದಂಗ ತಿದ್ದಿದ್ರ ಅನುಭವ ಪತ್ರ ನೋಡಿದ ಕೂಡ್ಲೇ ಸಿಕ್ಕಿ ಬೀಳ್ತದ, ಅವಾಗ ಲೇಬರ್ ರೂಮಿನ ನಾಲ್ಕು ವರ್ಷಾನೂ ನಂಬಂಗಿಲ್ಲ. ಮೊದಲು ಕೌನ್ಸಿಲ್ ಕಾರ್ಡ್ ತಗದು ರಿನ್ಯೂವಲ್ ಆಗೇತೋ ಇಲ್ಲೋ ನೋಡ್ರಿ, ಆ ಕೆಲಸ ಮುಗಿಸಿ, ಒಂದು ಹೊಸಾ ಬಿಎಲ್‌ಎಸ್ ಮಾಡಿಕೊಂಡು ಆಮ್ಯಾಲ ಅರ್ಜಿ ಹಾಕ್ರಿ. ಪಾರ್ಟೋಗ್ರಾಫ್ (ಹೆರಿಗಿ ಹೆಂಗ ಸಾಗೇತಿ ಅಂತ ಗುರುತು ಹಾಕೋ ಚಾರ್ಟ್) ತುಂಬೋದು, ಹೆರಿಗಿ ಆದ ಮ್ಯಾಲಿನ ರಕ್ತಸ್ರಾವ ನೋಡಿಕೊಳ್ಳೋದು, ಕೂಸಿಗೆ ಉಸಿರು ಬರಲಿಲ್ಲ ಅಂದ್ರ ಮೊದಲ್ನೇ ನಿಮಿಷದಾಗ ಏನು ಮಾಡಬೇಕು, ಇದನ್ನೆಲ್ಲ ಒಮ್ಮೆ ತಿರುವಿ ಹಾಕ್ರಿ. ಕೈಗೆ ನೆನಪು ಇರ್ತದ, ಬಾಯಿಗೆ ಬರಂಗ ಮಾಡಿಕೊಳ್ಳಬೇಕು ಅಷ್ಟ.

ಪ್ರಶ್ನೆ: ಅಕ್ಕಾ, ಸರ್ಕಾರಿ ನರ್ಸಿಂಗ್ ಆಫೀಸರ್ ಪೋಸ್ಟಿಗೂ ರೆಸ್ಯೂಮ್ ಬೇಕಾ? ಇನ್ನೊಂದು, ನಾ ಬಿಟ್ಟ ಆಸ್ಪತ್ರೆಯೋರು ಎಕ್ಸ್‌ಪೀರಿಯನ್ಸ್ ಲೆಟರ್ ಕೊಡವಲ್ರು, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅವರ ಹತ್ರಾನ ಐತಿ. ಕುಷ್ಟಗಿ.

ಉತ್ತರ: ಸರ್ಕಾರಿ ನೇಮಕಾತಿಗೆ ಅರ್ಜಿ ಮತ್ತ ದಾಖಲೆ ಮುಖ್ಯ, ರೆಸ್ಯೂಮ್ ಚಂದ ಇದ್ರ ಮಾರ್ಕ್ಸ್ ಸಿಗಂಗಿಲ್ಲ. ನಮ್ಮ ಕಲ್ಯಾಣ ಕರ್ನಾಟಕದೋರು ಈ ಭಾಗದೋರಿಗೆ ಇರೋ ಮೀಸಲಾತಿಗೆ ಬೇಕಾಗೋ 371ಜೆ ಸರ್ಟಿಫಿಕೇಟ್ ಅಸಿಸ್ಟೆಂಟ್ ಕಮಿಷನರ್ ಆಫೀಸಿನಿಂದ ಮೊದಲ ಮಾಡಿಸಿ ಇಟ್ಕೋಬೇಕು, ಅರ್ಜಿ ಕರೆದ ಮ್ಯಾಲ ಓಡಾಡಿದ್ರ ಟೈಮ್ ಸಾಲಂಗಿಲ್ಲ.

ಲೆಟರ್ ವಿಷಯ ಓದಿ ಸಿಟ್ಟು ಬಂತು. ದುಡಿದ ಹುಡುಗಿಗೆ ದುಡಿದದ್ದು ಖರೆ ಅಂತ ಒಂದು ಕಾಗದ ಕೊಡಾಕ ಏನು ಕಷ್ಟ? ಬಾಯಿಲೆ ಕೇಳಿದ್ದು ಸಾಕು, ಬರವಣಿಗೆಯಾಗ ಅರ್ಜಿ ಕೊಡು, ಇನ್ನೊಂದು ಕಾಪಿ ಮ್ಯಾಲ ಸೀಲು ತಾರೀಕು ಹಾಕಿಸ್ಕೊ, ತಗೊಳ್ಳಲಿಲ್ಲ ಅಂದ್ರ ಸ್ಪೀಡ್ ಪೋಸ್ಟ್ ಮಾಡು. ಮಾರ್ಕ್ಸ್ ಕಾರ್ಡ್ ನಿಂದು, ಅದನ್ನ ವಾಪಸ್ ಕೊಡ್ರಿ ಅಂತ ಅದರಾಗ ಬ್ಯಾರೆ ಸಾಲಿನ್ಯಾಗ ಬರಿ. ಅಲ್ಲಿತನಕ ಅಪಾಯಿಂಟ್ಮೆಂಟ್ ಲೆಟರ್, ಐಡಿ ಕಾರ್ಡ್, ಪಗಾರ ಜಮಾ ಆದ ಪಾಸ್‌ಬುಕ್ ಪುಟ ಜೋಡಿಸಿ ಇಡು, ಹೊಸಾ ಕಡೆ ಇದ್ದ ವಿಷಯ ಹೇಳಿ ಅವನ್ನ ತೋರಿಸು. ಇನ್ನ ಮ್ಯಾಲ ಯಾವ ಆಸ್ಪತ್ರೆಗೆ ಸೇರಿದ್ರೂ ಜೆರಾಕ್ಸ್ ಸೆಟ್ ಕೊಡು, ಒರಿಜಿನಲ್ ತೋರಿಸಿ ಅವರ ಎದುರಿಗೇ ಹೊಳ್ಳಿ ಫೈಲಿಗೆ ಹಾಕ್ಕೊಂಡು ಬಾ.