ಕಾರ್ಡ್ ಕೈಲಿದೆ, ಆಸ್ಪತ್ರೆ ಎಲ್ಲಿದೆ?

ಪ್ರಶ್ನೆ: ಅಕ್ಕ, ನಾನು ಟ್ರಾನ್ಸ್ ಮಹಿಳೆ, ವಯಸ್ಸು 27. ಕೊಪ್ಪಳದ ಕಡೆಯವಳು, ಈಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ. ಡಿಸಿ ಕೊಟ್ಟ ಗುರುತಿನ ಪ್ರಮಾಣಪತ್ರ ಇದೆ. ಟ್ರಾನ್ಸ್‌ಜೆಂಡರ್ ಜನರ ಚಿಕಿತ್ಸೆಗೆ ಅಂತ ಕೊಡುವ ಆಯುಷ್ಮಾನ್ ಟಿಜಿ ಪ್ಲಸ್ ಕಾರ್ಡೂ ಆಗಿದೆ, ವರ್ಷಕ್ಕೆ 5 ಲಕ್ಷದವರೆಗೆ ಫ್ರೀ ಅಂದರು. ಲಿಂಗ ಬದಲಾವಣೆ ಆಪರೇಷನ್ ಮಾಡಿಸೋಣ ಅಂತ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಮೂರು ಸಲ ಹೋದೆ, ಮೂರು ದಿನದ ಕೂಲಿ ಹೋಯಿತು. ಸರ್ಜರಿಯವರು ಮನೋರೋಗ ವಿಭಾಗಕ್ಕೆ ಕಳಿಸಿದರು, ಅವರು ವಾಪಸ್ ಸರ್ಜರಿಗೆ ಕಳಿಸಿದರು, ಕೊನೆಗೆ ‘ಅದೆಲ್ಲ ಇಲ್ಲಿ ಮಾಡಲ್ಲ’ ಅಂದರು. ಈಗ ಒಂದು ಖಾಸಗಿ ಕ್ಲಿನಿಕ್‌ನಲ್ಲಿ 50 ಸಾವಿರ ಅಡ್ವಾನ್ಸ್ ಕಟ್ಟು, ಉಳಿದದ್ದು ಕಾರ್ಡ್‌ನಲ್ಲಿ ನೋಡೋಣ ಅನ್ನುತ್ತಿದ್ದಾರೆ. ಚೀಟಿ ಎತ್ತಿ ಕಟ್ಟಿಬಿಡಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಚೀಟಿ ಎತ್ತಬೇಡ ತಂಗಿ. ಮೊದಲು ಅದೊಂದು ನಿಲ್ಲಿಸು.

ಆಯುಷ್ಮಾನ್ ಪಟ್ಟಿಯಲ್ಲಿರುವ ಆಸ್ಪತ್ರೆ ಯೋಜನೆಯಡಿ ಬರುವ ಚಿಕಿತ್ಸೆಗೆ ನಿನ್ನಿಂದ ದುಡ್ಡು ಕೇಳುವ ಹಾಗಿಲ್ಲ. ಪಟ್ಟಿಯಲ್ಲಿಲ್ಲದ ಕ್ಲಿನಿಕ್‌ನಲ್ಲಿ ಈ ಕಾರ್ಡ್ ನಡೆಯುವುದೇ ಇಲ್ಲ. ಅಂದಮೇಲೆ ‘ಅಡ್ವಾನ್ಸ್ ಕಟ್ಟು, ಉಳಿದದ್ದು ಕಾರ್ಡ್‌ನಲ್ಲಿ’ ಅನ್ನುವ ಮಾತು ಯಾವ ಲೆಕ್ಕದಲ್ಲೂ ಕೂಡಿ ಬರುವುದಿಲ್ಲ, ಅಲ್ವಾ? ಇದು ನಗದು ಕೊಡುವ ಯೋಜನೆಯೂ ಅಲ್ಲ. ಮೊದಲು ನೀನು ಕಟ್ಟಿ ಆಮೇಲೆ ಬಿಲ್ ತೋರಿಸಿ ವಾಪಸ್ ಪಡೆಯೋಣ ಅಂದರೆ ಕೈಗೆ ಏನೂ ಬರುವುದಿಲ್ಲ.

ಇನ್ನು ನಿನ್ನ ಅಸಲಿ ಕಷ್ಟ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಲಿಂಗ ಬದಲಾವಣೆ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಅದರ ಹಿಂದೆ ಮುಂದೆ ಕೌನ್ಸೆಲಿಂಗ್, ಖರ್ಚಿಗೆ ವಿಮೆ, ಇವೆಲ್ಲ ಸರ್ಕಾರ ಮಾಡಬೇಕಾದ ಕೆಲಸ ಅಂತ ಬರೆದಿದೆ. 2022ರ ಆಗಸ್ಟ್‌ನಲ್ಲಿ ಟಿಜಿ ಪ್ಲಸ್‌ಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದವರು ಒಪ್ಪಂದಕ್ಕೆ ಸಹಿ ಹಾಕಿದರು, ಫೋಟೊ ಬಂತು. ಆದರೆ ಈ ಆಪರೇಷನ್ ಒಬ್ಬ ಡಾಕ್ಟರ್ ಒಂದು ಮಧ್ಯಾಹ್ನ ಮುಗಿಸುವ ಹರ್ನಿಯಾ ಅಲ್ಲ. ಪ್ಲಾಸ್ಟಿಕ್ ಸರ್ಜನ್ ಬೇಕು, ಮೂತ್ರಾಂಗದ ಸರ್ಜನ್ ಬೇಕು, ಹಾರ್ಮೋನ್ ನೋಡುವವರು, ಮನೋವೈದ್ಯರು ಎಲ್ಲರೂ ಒಂದೇ ಸೂರಿನಡಿ ಇರಬೇಕು, ಇದನ್ನು ಕಲಿತವರೂ ಆಗಿರಬೇಕು. ಆಸ್ಪತ್ರೆ ಆಯುಷ್ಮಾನ್ ಪಟ್ಟಿಯಲ್ಲಿದೆ ಅಂದಮಾತ್ರಕ್ಕೆ ಈ ಆಪರೇಷನ್ ಅಲ್ಲಿ ನಡೆಯುತ್ತದೆ ಅಂತಲ್ಲ. ಕಾರ್ಡ್ ಕೊಟ್ಟವರು ಈ ಮಾತು ಯಾರಿಗೂ ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಹಾಗಾಗಿ ಇನ್ನು ಮುಂದೆ ಓಪಿಡಿ ಚೀಟಿ ಮಾಡಿಸಿ ಸುಮ್ನೆ ಸಾಲಿನಲ್ಲಿ ನಿಲ್ಲಬೇಡ. ಆಸ್ಪತ್ರೆಯೊಳಗೆ ಆರೋಗ್ಯಮಿತ್ರ ಅಂತ ಒಂದು ಕೌಂಟರ್ ಇರುತ್ತದೆ, ಸೀದಾ ಅಲ್ಲಿಗೆ ಹೋಗು. ಟಿಜಿ ಪ್ಲಸ್ ಕಾರ್ಡ್ ಇಲ್ಲಿ ನಡೆಯುತ್ತಾ, ಈ ಆಪರೇಷನ್‌ನ ಪ್ಯಾಕೇಜ್, ಅಂದರೆ ಯೋಜನೆಯಡಿ ಇದನ್ನು ಮಾಡುವ ಅನುಮತಿ, ಈ ಆಸ್ಪತ್ರೆಗೆ ಇದೆಯಾ, ಮಾಡುವ ಸರ್ಜನ್ ಯಾರು, ಇಷ್ಟು ಕೇಳು. ಹೊರಡುವ ಮೊದಲು 14555ಕ್ಕೆ ಫೋನ್ ಮಾಡಿ ವಿಚಾರಿಸಿದರೆ ಬಸ್ ಚಾರ್ಜ್ ಉಳಿಯುತ್ತದೆ. ಆಸ್ಪತ್ರೆ ಸಿಕ್ಕಿತು ಅಂದುಕೋ. ಅವರು ನಿನ್ನ ಕೇಸನ್ನು ಆನ್‌ಲೈನ್‌ನಲ್ಲಿ ಹಾಕಿ ಮುಂಚೆಯೇ ಒಪ್ಪಿಗೆ ತರಿಸಬೇಕು. ಅದು ಬರುವ ತನಕ ಅಡ್ಮಿಟ್ ಆಗಬೇಡ.

ಆ ಒಪ್ಪಿಗೆ ನಿನ್ನ ಎರಡು ಹೆಸರಿನ ಗಲಾಟೆಯಲ್ಲೂ ಸಿಕ್ಕಿಹಾಕಿಕೊಳ್ಳಬಹುದು. ಪ್ರಮಾಣಪತ್ರದಲ್ಲಿ ಹೊಸ ಹೆಸರು, ಆಧಾರ್‌ನಲ್ಲಿ ಅಪ್ಪ ಇಟ್ಟ ಹೆಸರು, ಇಬ್ಬರೂ ಒಬ್ಬರೇ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಆ ಪ್ರಮಾಣಪತ್ರವನ್ನೇ ತೋರಿಸಿ ಆಧಾರ್ ತಿದ್ದಿಸಬಹುದು. ಮೊದಲು ಅದನ್ನು ಮಾಡಿಸು. ನಾನೊಮ್ಮೆ ಪರಿಚಯದ ಹುಡುಗಿಯ ಜೊತೆ ಆಸ್ಪತ್ರೆಯೊಂದರಲ್ಲಿ ಕೂತಿದ್ದೆ. ಬೆಳಗ್ಗೆಯೇ ಸೀರೆ ಇಸ್ತ್ರಿ ಮಾಡಿಸಿ, ಕಾಗದವೆಲ್ಲ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್‌ನಲ್ಲಿ ಜೋಡಿಸಿಕೊಂಡು ಬಂದಿದ್ದಳು. ಕಿಟಕಿಯೊಳಗಿಂದ ಅವಳ ಹಳೇ ಹೆಸರನ್ನು ಮೂರು ಸಲ ಜೋರಾಗಿ ಕೂಗಿದರು. ಇಡೀ ಹಾಲ್ ತಿರುಗಿ ನೋಡಿತು. ಅವಳು ಕೂತಲ್ಲಿಂದ ಏಳಲಿಲ್ಲ. ಕವರ್ ಮಡಿಲಲ್ಲಿ ಒತ್ತಿಕೊಂಡು ನೆಲ ನೋಡುತ್ತಾ ಕೂತಳು, ನಾಲ್ಕನೇ ಸಲ ಕೂಗುವಷ್ಟರಲ್ಲಿ ಎದ್ದು ಗೇಟಿನ ಕಡೆ ನಡೆದಳು. ಕಾರ್ಡ್, ಪ್ಯಾಕೇಜ್ ಎಲ್ಲ ಇತ್ತು. ಹೋದದ್ದು ಆ ಹೆಸರಿನಿಂದ.

‘ಇಲ್ಲಿ ಮಾಡಲ್ಲ’ ಅಂದ ಆಸ್ಪತ್ರೆಯಿಂದ ಅದನ್ನು ಬರವಣಿಗೆಯಲ್ಲಿ ಕೇಳು. ಕೊಡುವುದಿಲ್ಲ, ಗೊತ್ತು. ಆಗ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕು. ನಮ್ಮ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಈ ಶಸ್ತ್ರಚಿಕಿತ್ಸೆಯನ್ನು ರಾಜ್ಯದ ಯಾವ ಯಾವ ಆಸ್ಪತ್ರೆಯಲ್ಲಿ ಮಾಡುತ್ತಾರೆ, ಇದುವರೆಗೆ ಎಷ್ಟು ಆಗಿದೆ ಅಂತ ಅವರನ್ನೇ ಕೇಳು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ನಿನ್ನ ಕಷ್ಟವನ್ನೆಲ್ಲ ಅದರಲ್ಲಿ ಬರೆಯಬೇಡ, ಪ್ರಶ್ನೆ ಮಾತ್ರ ಬರೆ. ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೂ ನಡೆಯಬೇಕು ಅನ್ನುವುದು ನಿಯಮ, ಅದನ್ನೂ ನೆನಪಿಟ್ಟುಕೋ. ತಮಿಳುನಾಡು 2008ರಲ್ಲೇ ಟ್ರಾನ್ಸ್‌ಜೆಂಡರ್ ಕಲ್ಯಾಣ ಮಂಡಳಿ ಮಾಡಿ, ಸರ್ಕಾರಿ ಆಸ್ಪತ್ರೆಯಲ್ಲೇ ಈ ಆಪರೇಷನ್ ಉಚಿತವಾಗಿ ಶುರುಮಾಡಿತು. ಕೇರಳದವರು 2018ರಲ್ಲಿ 2 ಲಕ್ಷದವರೆಗೆ ಸಹಾಯಧನ ಕೊಡುತ್ತೇವೆ ಅಂದರು. ಅಕ್ಕಪಕ್ಕದವರು ಇಷ್ಟು ಮುಂಚೆ ಮಾಡಿದ್ದನ್ನು ನಾವು ಇನ್ನೂ ಆರ್‌ಟಿಐ ಹಾಕಿ ಹುಡುಕಬೇಕು, ಏನು ಹೇಳಲಿ.

ದುಡ್ಡಿನ ಮಾತು ಇನ್ನೊಂದಿದೆ. ಯೋಜನೆ ನೋಡಿಕೊಳ್ಳುವುದು ಆಸ್ಪತ್ರೆಯ ಖರ್ಚು, ಬಿಡುಗಡೆಯಾದ ಮೇಲೆ 15 ದಿನದ ಔಷಧಿ ತಪಾಸಣೆ, ಅಷ್ಟೇ. ಕೆಳಗಿನ ಆಪರೇಷನ್ ಆದವರು ಹೊಸದಾಗಿ ಮಾಡಿದ ಯೋನಿಯ ದಾರಿ ಮುಚ್ಚಿಕೊಳ್ಳದ ಹಾಗೆ ದಿನಾ ಡೈಲೇಟರ್ ಅನ್ನುವ, ದಾರಿ ಹಿಗ್ಗಿಸಿಡುವ ಸಾಧನ ಬಳಸಬೇಕು, ತಿಂಗಳುಗಟ್ಟಲೆ. ನಾಲ್ಕು ಜನ ಹಂಚಿಕೊಂಡ ಪಿಜಿ ರೂಮಿನಲ್ಲಿ, ಸ್ನಾನದಮನೆಗೆ ಸಾಲು ನಿಲ್ಲುವ ಜಾಗದಲ್ಲಿ ಇದನ್ನು ಹೇಗೆ ಮಾಡುತ್ತೀ? ಚೀಟಿ ದುಡ್ಡು ಅದಕ್ಕಿರಲಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ರೂಮಿನ ಬಾಡಿಗೆಗೆ, ಗಾರ್ಮೆಂಟ್ಸ್‌ಗೆ ಹೋಗಲಾಗದ ತಿಂಗಳುಗಳ ಊಟಕ್ಕೆ. ಗೆಳತಿಯರು ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ನುಂಗುತ್ತಿದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡ. ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಆಪರೇಷನ್ ಟೇಬಲ್ ಮೇಲೆ ಅದು ಜಾಸ್ತಿ.

ಪ್ರಶ್ನೆ: ಮೇಡಂ, 19 ವರ್ಷದ ನನ್ನ ಮಗಳು ತಾನು ಹುಡುಗ ಅನ್ನುತ್ತಾಳೆ. ಎದೆಗೆ ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡು ಕಾಲೇಜಿಗೆ ಹೋಗುತ್ತಾಳೆ. ಮಾತ್ರೆ ಕೊಟ್ಟು ಮನಸ್ಸು ತಿರುಗಿಸುವ ಡಾಕ್ಟರ್ ಇದ್ದಾರೆ ಅಂತ ನಮ್ಮ ನೆಂಟರು ಹೇಳುತ್ತಾರೆ. ಇಲ್ಲ, ಆಪರೇಷನ್ನೇ ಮಾಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತಾ?
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ನೆಂಟರು ಹೇಳಿದ ಡಾಕ್ಟರ್ ಹತ್ತಿರ ಹೋಗಬೇಡಿ. ಮನಸ್ಸು ತಿರುಗಿಸುತ್ತೇನೆ ಅನ್ನುವ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಟ್ರಾನ್ಸ್‌ಜೆಂಡರ್ ಆಗಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಮನೋರೋಗದ ಪಟ್ಟಿಯಿಂದ ತೆಗೆದಿದೆ.

ಆದರೆ ಆಪರೇಷನ್ ಮೊದಲ ಮೆಟ್ಟಿಲಲ್ಲ. ಒಳ್ಳೆಯ ಮನೋವೈದ್ಯರ ಹತ್ತಿರ ಕೂತು ಮಾತಾಡುವುದು, ಮಗುವಿಗೆ ಬೇಕೆನಿಸಿದರೆ ಹಾರ್ಮೋನ್, ಆಮೇಲೆ ಶಸ್ತ್ರಚಿಕಿತ್ಸೆಯ ಮಾತು. ಕೆಲವರು ಎದೆಯದ್ದು ಮಾತ್ರ ಮಾಡಿಸಿಕೊಂಡು ನೆಮ್ಮದಿಯಾಗಿದ್ದಾರೆ, ಕೆಲವರು ಯಾವುದನ್ನೂ ಮಾಡಿಸುವುದಿಲ್ಲ. ಆಪರೇಷನ್ ಆದರೆ ಮಾತ್ರ ಗುರುತಿಸುತ್ತೇವೆ ಅಂತ ಒತ್ತಾಯ ಮಾಡುವುದು ತಪ್ಪು ಅಂತ 2014ರ ಏಪ್ರಿಲ್ 15ರಂದು ಟ್ರಾನ್ಸ್‌ಜೆಂಡರ್ ಹಕ್ಕುಗಳ ಬಗ್ಗೆ ಕೊಟ್ಟ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವತ್ತೇ ಮಾಡಬೇಕಾದ ಕೆಲಸ ಆ ಕ್ರೇಪ್ ಬ್ಯಾಂಡೇಜ್ ಬಿಚ್ಚಿಸುವುದು. ಅದು ಉಳುಕಿದ ಕಾಲಿಗೆ ಸುತ್ತುವಂಥದ್ದು, ಎದೆಗೆ ಬಿಗಿದರೆ ಉಸಿರು ಕಟ್ಟುತ್ತದೆ, ಪಕ್ಕೆಲುಬು ನೋಯುತ್ತದೆ. ಅದಕ್ಕೆಂದೇ ಬೈಂಡರ್ ಅನ್ನುವ ಒಳ ಅಂಗಿ ಸಿಗುತ್ತದೆ, ಅಳತೆ ನೋಡಿ ನೀವೇ ತರಿಸಿಕೊಡಿ. ನೀವು ಕೊಡಿಸಿದ್ದು ಅಂತ ಗೊತ್ತಾದರೆ ಮಿಕ್ಕ ಮಾತು ಅಡುಗೆಮನೆಯಲ್ಲೇ ಶುರುವಾಗಬಹುದು.

ಪ್ರಶ್ನೆ: ಬಡವರಿಗೆ ಹಾಸಿಗೆ ಇಲ್ಲ, ಇವರ ಆಪರೇಷನ್‌ಗೆ ನಮ್ಮ ತೆರಿಗೆ ದುಡ್ಡು ಯಾಕೆ?
– ಓದುಗ, ದಾವಣಗೆರೆ

ಉತ್ತರ: ಅವರೂ ಸೋಪಿಗೆ, ಮೊಬೈಲ್ ರೀಚಾರ್ಜ್‌ಗೆ ಜಿಎಸ್‌ಟಿ ಕಟ್ಟುತ್ತಾರೆ ಸ್ವಾಮಿ. 2011ರ ಜನಗಣತಿಯಲ್ಲಿ ಗಂಡು ಹೆಣ್ಣು ಎರಡೂ ಅಲ್ಲದ ಕಾಲಂನಲ್ಲಿ ನಮ್ಮ ರಾಜ್ಯದಲ್ಲಿ ಸಿಕ್ಕವರು ಸುಮಾರು 20 ಸಾವಿರ ಜನ. ಬರೆಸದವರು ಇನ್ನೂ ಇದ್ದಾರೆ ಅನ್ನಿ, ಆದರೂ ಎಲ್ಲರೂ ಆಪರೇಷನ್ ಕೇಳುವವರಲ್ಲ. ನಿಮ್ಮ ಹಾಸಿಗೆ ಕಡಿಮೆಯಾದದ್ದು ಇವರಿಂದ ಅಲ್ಲ.

ಮತ್ತೆ, ಆಸ್ಪತ್ರೆ ಬಾಗಿಲು ಹಾಕಿದ್ದ ಕಾಲದಲ್ಲಿ ಇವರು ಸುಮ್ಮನಿದ್ದರು ಅಂದುಕೊಂಡಿರಾ? ಗಂಡಿನ ಅಂಗ ಕತ್ತರಿಸಿ ತೆಗೆಯುವುದಕ್ಕೆ ಸಮುದಾಯದೊಳಗೆ ನಿರ್ವಾಣ ಅನ್ನುತ್ತಾರೆ. ಮರೆಯಲ್ಲಿ, ಅರಿವಳಿಕೆ ಇಲ್ಲದೆ, ದಾಯಿಯೊಬ್ಬಳ ಕತ್ತಿಯ ಕೆಳಗೆ ಅದು ನಡೆಯುತ್ತಿತ್ತು. ರಕ್ತ ನಿಲ್ಲದವರು, ಮೂತ್ರ ಕಟ್ಟಿದವರು ಕೊನೆಗೆ ಅರ್ಧರಾತ್ರಿ ಬರುತ್ತಿದ್ದದ್ದು ನೀವು ಹೇಳುವ ಅದೇ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ.