ಹೊಡೆಯದ ಸೊಸೆ ಮಗುವನ್ನು ಕೆಡಿಸುತ್ತಿಲ್ಲ

ದಾವಣಗೆರೆಯ ಹಿರಿಯ ಓದುಗರೊಬ್ಬರ ಪತ್ರ: “ಮೊಮ್ಮಗನಿಗೆ ನಾಲ್ಕು ವರ್ಷ. ಮೊಬೈಲ್ ಕಿತ್ತುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಸೊಸೆ ಹೊಡೆಯುವುದಿಲ್ಲ, ಪಕ್ಕದಲ್ಲಿ ಕೂತು ಮಾತಾಡುತ್ತಾಳೆ. ನಮ್ಮ ಕಾಲದಲ್ಲಿ ಎರಡು ಬಿಟ್ಟರೆ ಸುಮ್ಮನಾಗುತ್ತಿದ್ದವು. ಇಷ್ಟು ಸಲಿಗೆ ಕೊಟ್ಟರೆ ಮಗು ಹಾಳಾಗದೇ?”

ಉತ್ತರ: ಮೊಮ್ಮಗನ ಬಗ್ಗೆ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಸಂತೋಷ. ಮಗುವಿಗೆ ಅಂಕೆ ಬೇಕು, ಒಪ್ಪಿದೆವು. ಆದರೆ ಅಂಕೆಗೆ ಏಟೇ ಆಗಬೇಕೆ ಸ್ವಾಮಿ?

ಅಮೆರಿಕದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲಿ ಪುಟ್ಟ ಮಕ್ಕಳನ್ನೂ ಅವರನ್ನು ಬೆಳೆಸುವ ರೀತಿಯನ್ನೂ ಕೂಡಿಸಿ ನೋಡಿದರು. ಬರೀ ಗದರುವ ಮನೆಯ ಮಕ್ಕಳು ಮುದುಡಿಕೊಂಡಿದ್ದರು. ಕೇಳಿದ್ದೆಲ್ಲ ಸಿಗುವ ಮನೆಯ ಮಕ್ಕಳಿಗೆ ತಮ್ಮ ಮೇಲೆ ಹಿಡಿತ ಕಡಿಮೆ. ನಿಯಮ ಸಡಿಲಿಸದೆ, ಕಾರಣ ಹೇಳಿ, ಅಕ್ಕರೆಯಿಂದ ನಡೆಸಿಕೊಂಡ ಮಕ್ಕಳೇ ಹೆಚ್ಚು ಹೊಂದಿಕೊಂಡು ನಡೆಯುವವರು. ನಿಮ್ಮ ಸೊಸೆ ಹಿಡಿದಿರುವುದು ಈ ದಾರಿ. ಸುಮಾರು 1.6 ಲಕ್ಷ ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ ಏಟಿನ ಜೊತೆ ಕಂಡದ್ದು ಜಗಳಗಂಟಿತನ, ವಿಧೇಯತೆಯಲ್ಲ. ಆಗಿನ ಮಕ್ಕಳು ಸುಮ್ಮನಾದದ್ದು ಹೆದರಿ. ಸಿಟ್ಟು ಬಂದಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ.

ಹೊರಳಾಟ ಜೋರಾಗಿರುವಾಗ ಬುದ್ಧಿಮಾತು ತಲೆಗೆ ಹೋಗದು. ಪೆಟ್ಟಾಗದಂತೆ ನೋಡಿಕೊಂಡು ಹತ್ತಿರ ಕೂರಿ. “ಮೊಬೈಲ್ ತಗೊಂಡಿದ್ದಕ್ಕೆ ಸಿಟ್ಟು ಬಂತಾ ಪುಟ್ಟಾ? ಇವತ್ತಿಗೆ ಮುಗೀತು.” ಇಷ್ಟೇ ಸಾಕು. ಅಳು ಇಳಿದ ಮೇಲೆ ಚೆಂಡು ಬೇಕೋ ಬಣ್ಣದ ಪೆನ್ಸಿಲ್ ಬೇಕೋ ಎಂದು ಕೇಳಿ. ಮರುದಿನ ಮೊಬೈಲ್ ಕೊಡುವ ಮೊದಲೇ ಎಷ್ಟು ಹೊತ್ತು ಎಂದು ಹೇಳಿ, ಐದು ನಿಮಿಷ ಮುಂಚೆ ಒಮ್ಮೆ ನೆನಪಿಸಿ.

ಕೆಲಸ ಕೆಡುವುದು ಎಲ್ಲಿ ಗೊತ್ತೇ? ತಾಯಿ ಇಲ್ಲವೆಂದದ್ದನ್ನು ಅಜ್ಜ, ಅಜ್ಜಿ ಅಳು ನೋಡಲಾರದೆ ಕೊಟ್ಟುಬಿಡುವಲ್ಲಿ. ಹತ್ತರಲ್ಲಿ ಒಂದು ಸಲ ಹಾಗಾದರೂ, ಇನ್ನಷ್ಟು ಕಿರುಚಿದರೆ ಸಿಗುತ್ತದೆಂದು ಮಗು ಕಲಿಯುತ್ತದೆ. ನೀವು ಹೆದರಿರುವ ಸಲಿಗೆ ಅದು, ಸೊಸೆಯ ಮಾತಲ್ಲ.

ಇನ್ನು ಆ ಮೊಬೈಲ್. ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಮೂರು ಗಂಟೆಯಾದರೂ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಓಡುವುದಾದರೂ ಎಲ್ಲಿ? ಖಾಲಿ ಸೈಟಿಗೆ ಬೇಲಿ, ರಸ್ತೆ ತುಂಬ ವಾಹನ, ಪಾರ್ಕಿನಲ್ಲಿ ಆಟವಾಡಬಾರದೆಂಬ ಫಲಕ. ಜೊತೆಯವರೊಂದಿಗೆ ಕಿತ್ತಾಡಿ, ಅತ್ತು, ಹಂಚಿಕೊಳ್ಳಲು ಕಲಿಯಬೇಕಾದ ಎಲ್‌ಕೆಜಿ ಮಕ್ಕಳಿಗೆ ಪುಟಗಟ್ಟಲೆ ಹೋಂವರ್ಕ್! ಇದರ ಬಗ್ಗೆ ಸಿಟ್ಟಾಗಿ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

ಅಲ್ಲಿಯವರೆಗೆ ಸಂಜೆ ಮೊಮ್ಮಗನನ್ನು ಓಣಿಯ ಮಕ್ಕಳ ಜೊತೆ ಆಡಲು ಬಿಡಿ. ಜಗಳವಾದ ಕೂಡಲೇ ನಡುವೆ ಹೋಗಬೇಡಿ, ಕೈ ಎತ್ತಿದರೆ ಮಾತ್ರ ತಡೆಯಿರಿ.