ಕೃತಕ ಕಾಲಿನ ಯೋಧರನ್ನು ಕೋಟೆ ಹತ್ತಿಸಬಹುದೇ?

ಓದುಗರ ಪ್ರಶ್ನೆಗೆ ದಾವಣಗೆರೆಯ ಪುನರ್ವಸತಿ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿದ್ದಾಗ ಗಡಿಯಲ್ಲಿ ನೆಲಬಾಂಬ್ ಸಿಡಿದು ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡರು. ಪುಣೆಯಲ್ಲಿ ಕೃತಕ ಕಾಲು ಹಾಕಿಸಿಕೊಂಡು ಬಂದಿದ್ದಾರೆ, ಮನೆಯೊಳಗೆ ಚೆನ್ನಾಗಿಯೇ ನಡೆಯುತ್ತಾರೆ. ಆದರೆ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ. ರಾತ್ರಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಹತ್ತಿರದ ಕ್ವಾರಿಯಲ್ಲಿ ಬಂಡೆ ಸಿಡಿಸಿದರೆ ಮೈಯೆಲ್ಲ ಬೆವರುತ್ತದೆ. ಅವರ ಪಲ್ಟನ್ನಿನ ಗೆಳೆಯರೊಬ್ಬರು ‘ಬೆಟ್ಟ ಹತ್ತಿಸಿ, ಕೆರೆಯಲ್ಲಿ ಮೀನು ಹಿಡಿಯಲು ಕರೆದೊಯ್ಯಿರಿ, ಹೊರಗಿನ ಗಾಳಿಯೇ ಮದ್ದು’ ಎನ್ನುತ್ತಾರೆ. ನನ್ನ ಮೈದುನ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಲು ಸಿದ್ಧನಾಗಿದ್ದಾನೆ. ಇದು ನಿಜವಾಗಿಯೂ ಚಿಕಿತ್ಸೆಯೇ?
– ಹೊಳಲ್ಕೆರೆ ತಾಲ್ಲೂಕಿನ ಓದುಗರು

ಉತ್ತರ: ಬಯಲಿನಲ್ಲಿ ಕಳೆಯುವ ಹೊತ್ತು ಗಾಯಗೊಂಡ ಯೋಧರ ಚೇತರಿಕೆಗೆ ನೆರವಾಗುತ್ತದೆ ಎಂಬುದು ನಿಜ. ಆದರೆ ಅದು ಚಿಕಿತ್ಸೆಯ ಜೊತೆಗೆ ನಡೆಯಬೇಕಾದದ್ದೇ ಹೊರತು ಚಿಕಿತ್ಸೆಯ ಬದಲಿಗೆ ಅಲ್ಲ. ನೀವು ಬರೆದಿರುವ ನಿದ್ರಾಹೀನತೆ, ಸಿಡಿತದ ಸದ್ದಿಗೆ ಬೆವರುವುದು, ಮನೆಯಿಂದ ಹೊರಬೀಳಲು ಹಿಂಜರಿಯುವುದು ಇವೆಲ್ಲ ಆಘಾತೋತ್ತರ ಒತ್ತಡದ ಲಕ್ಷಣಗಳಾಗಿರಬಹುದು, ಅದನ್ನು ಮನೋವೈದ್ಯರೇ ನೋಡಿ ಹೇಳಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ನಿಮ್ಮಲ್ಲಿದ್ದರೆ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ಪತ್ರ ಬರೆಸಿಕೊಳ್ಳಿ. ಅಲ್ಲಿಯವರೆಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅವರು ಎಂದಾದರೂ ಬದುಕುವುದೇ ಬೇಡವೆಂಬ ಮಾತನಾಡಿದರೆ ಪತ್ರ, ಸರದಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗಾಯಗೊಂಡ ಸೈನಿಕರನ್ನು ಹಾಸಿಗೆಯಿಂದ ಬಯಲಿಗೆ ತರುವ ಕ್ರಮ ಹೊಸದೇನಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಗಾಯಾಳುಗಳನ್ನು ನೋಡುತ್ತಿದ್ದ ವೈದ್ಯ ಲುಡ್ವಿಗ್ ಗುಟ್‌ಮನ್ 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯಲ್ಲಿದ್ದ 16 ಮಂದಿ ಮಾಜಿ ಯೋಧರಿಗೆ ಬಿಲ್ವಿದ್ಯೆಯ ಸ್ಪರ್ಧೆ ಏರ್ಪಡಿಸಿದರು, ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನಮ್ಮದೇ ಸೇನೆಯ ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ಅಂಗವಿಕಲರಾದವರು. ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು, ಅದು ಭಾರತಕ್ಕೆ ಬಂದ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಇಂಥ ಸಾಧನೆಗಳನ್ನು ಹೇಳಿ ನಿಮ್ಮ ಯಜಮಾನರನ್ನು ಹುರಿದುಂಬಿಸಲು ಹೋಗಬೇಡಿ. ಪದಕ ಗೆಲ್ಲಬೇಕಾದವರು ಅವರಲ್ಲ, ಬೀದಿಯ ಕೊನೆಯವರೆಗೆ ಹೋಗಿ ಬರಬೇಕಾದವರು.

ಹೊರಗಿನ ಗಾಳಿಯೇ ಮದ್ದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಾಳಿ, ಬೆಳಕು, ನಡಿಗೆ ನಿದ್ದೆಗೆ ಸಹಾಯಕವೇ ಆದರೂ ಹೆಚ್ಚು ಕೆಲಸ ಮಾಡುವುದು ಬೇರೊಂದು ಸಂಗತಿ. ಸೇನೆಯಲ್ಲಿ ಇತರರ ಜೀವದ ಹೊಣೆ ಹೊತ್ತಿದ್ದ ಮನುಷ್ಯ ಮನೆಗೆ ಬಂದ ಮೇಲೆ ನೀರಿನ ಲೋಟವನ್ನೂ ಇನ್ನೊಬ್ಬರು ತಂದುಕೊಡುವ ಸ್ಥಿತಿಗೆ ಬಂದಿರುತ್ತಾನೆ. ಹೊರಗಿನ ಚಟುವಟಿಕೆಯಲ್ಲಿ ಅವರಿಗೆ ಮತ್ತೆ ಒಂದು ಹೊಣೆ ಸಿಗಬೇಕು, ಎಲ್ಲಿಗೆ, ಎಷ್ಟು ಹೊತ್ತಿಗೆ, ಎಲ್ಲಿಂದ ಹಿಂತಿರುಗಬೇಕು ಎಂಬುದನ್ನು ಅವರೇ ನಿರ್ಧರಿಸಬೇಕು. ಗಾಳ ಹಾಕಿ ಮೀನು ಹಿಡಿಯುವುದು ಹಲವರಿಗೆ ಹಿಡಿಸುವುದಕ್ಕೂ ಇಂಥದೇ ಕಾರಣವಿದೆ. ಸದಾ ಎಚ್ಚರವಾಗಿರಲು ಪಳಗಿದ ಕಣ್ಣಿಗೆ ನೀರಿನ ಮೇಲಿನ ಬೆಂಡನ್ನು ಕಾಯುವ ಕೆಲಸ ಸಿಕ್ಕಾಗ, ಆ ಎಚ್ಚರ ಯಾವ ಅಪಾಯವನ್ನೂ ಹುಡುಕದೆ ಒಂದೆಡೆ ನಿಲ್ಲುತ್ತದೆ. ಪಕ್ಕದಲ್ಲಿ ಸೇನೆಯ ಗೆಳೆಯರೊಬ್ಬರು ಕುಳಿತಿದ್ದರೆ ಮನೆಯವರೊಂದಿಗೆ ಆಡಲಾಗದ ಮಾತು ತಾನಾಗಿ ಬರುವುದೂ ಉಂಟು. ಬರದಿದ್ದರೆ ಕೇಳಬೇಡಿ. ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುವ ಕೆರೆಗಳಲ್ಲಿ ಗುತ್ತಿಗೆದಾರರ ಅನುಮತಿಯನ್ನು ಮೊದಲೇ ಪಡೆಯಿರಿ, ದಂಡೆಯಲ್ಲಿ ಯಾರೋ ಬಂದು ಗದರಿಸಿ ಎಬ್ಬಿಸಿದರೆ ಅವರು ಮತ್ತೆ ಹೊರಡಲು ಒಪ್ಪುವುದು ಕಷ್ಟ.

ಕೋಟೆಯನ್ನು ಮಾತ್ರ ಈಗಲೇ ಬೇಡವೆನ್ನುತ್ತೇನೆ. ಏಳು ಸುತ್ತಿನ ಕೋಟೆಯ ಹಾಸುಬಂಡೆಗಳು ಏರುಪೇರಾಗಿವೆ, ಕಾಲಾಡಿ ಕಾಲಾಡಿ ನುಣುಪಾಗಿವೆ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ಸಮತಟ್ಟಾದ ನೆಲದಲ್ಲಿ ನಡೆಯಲು ಸಹ ಇತರರಿಗಿಂತ ಸುಮಾರು ಶೇ 25ರಷ್ಟು ಹೆಚ್ಚು ಶಕ್ತಿ ವ್ಯಯಿಸಬೇಕಾಗುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಏಕೆಂದರೆ ಕೃತಕ ಪಾದ ನಮ್ಮ ಪಾದದಂತೆ ಇಳಿಜಾರಿಗೆ ತಕ್ಕಂತೆ ಬಾಗುವುದಿಲ್ಲ. ಅರ್ಧಕ್ಕೆ ನಿಂತು ಮೈದುನನ ಹೆಗಲು ಹಿಡಿದು ಇಳಿದು ಬಂದರೆ ಆ ಸೋಲು ಮನಸ್ಸಿನಲ್ಲಿ ಬಹಳ ದಿನ ಉಳಿಯುತ್ತದೆ. ಮೊದಲು ಊರಿನ ಕೆರೆ ಏರಿ, ಆಮೇಲೆ ಚಂದ್ರವಳ್ಳಿಯ ಕೆರೆಯ ಬದಿ, ಕೋಟೆ ಅದರ ನಂತರ, ಅದೂ ಅವರೇ ಹೋಗೋಣವೆಂದಾಗ. ಹೊರಡುವ ಮುನ್ನ ಕ್ವಾರಿಯಲ್ಲಿ ಬಂಡೆ ಸಿಡಿಸುವ ಹೊತ್ತು ಯಾವುದೆಂದು ವಿಚಾರಿಸಿ ಅವರಿಗೆ ತಿಳಿಸಿ. ಮೊದಲೇ ಗೊತ್ತಿರುವ ಸದ್ದು ಹಠಾತ್ತನೆ ಬಂದ ಸದ್ದಿನಷ್ಟು ಕಾಡುವುದಿಲ್ಲ.

ಕಾಲಿನ ಕುರಿತು ಒಂದು ಮಾತು. ನಡೆಯುತ್ತಾ ಹೋದಂತೆ ಉಳಿದ ಕಾಲಿನ ಭಾಗ ಸ್ವಲ್ಪ ಕುಗ್ಗುತ್ತದೆ, ಉಳಿದ ಕಾಲನ್ನು ಕೂರಿಸುವ ಗೂಡು, ಅಂದರೆ ಸಾಕೆಟ್, ಸಡಿಲವಾಗಿ ಮೂಳೆಯ ತುದಿ ತಳಕ್ಕೆ ತಾಕಲು ಶುರುವಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ, ಚರ್ಮಕ್ಕೂ ಸಾಕೆಟ್‌ಗೂ ನಡುವಿನ ಮೆತ್ತನೆಯ ಲೈನರಿನೊಳಗೆ ಬೆವರು ನಿಂತು ಕಾಲು ಜಾರುವುದೂ ಉಂಟು. ಚೀಲದಲ್ಲಿ ಉಳಿದ ಕಾಲಿಗೆ ತೊಡಿಸುವ ಒಂದೆರಡು ಹೆಚ್ಚುವರಿ ಕಾಲುಚೀಲ, ಒಣಗಿದ ಹತ್ತಿ ಬಟ್ಟೆ ಮತ್ತು ಅಂಗೈಯಗಲದ ಒಂದು ಕನ್ನಡಿ ಇರಲಿ. ಅರ್ಧ ಗಂಟೆಗೊಮ್ಮೆ ನೆರಳಿನಲ್ಲಿ ಕುಳಿತು ಕಾಲನ್ನು ಬಿಚ್ಚಿ, ಬೆವರು ಒರೆಸಿ, ಕಣ್ಣಿಗೆ ಕಾಣದ ಹಿಂಬದಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕೆಂಪಗಾದ ಜಾಗ ಹದಿನೈದು ನಿಮಿಷದಲ್ಲಿ ಮಾಮೂಲಿ ಬಣ್ಣಕ್ಕೆ ಬಾರದಿದ್ದರೆ, ಅಥವಾ ಗುಳ್ಳೆ ಎದ್ದಿದ್ದರೆ, ಅಂದಿನ ನಡಿಗೆ ಅಲ್ಲಿಗೆ ಮುಗಿಯಿತು. ಜನರೆದುರು ಕಾಲು ಬಿಚ್ಚಲು ಸಂಕೋಚವಾಗುವುದು ಸಹಜ, ಆದ್ದರಿಂದ ಮೊದಮೊದಲು ಜನ ಕಡಿಮೆ ಇರುವ ಬೆಳಗಿನ ಹೊತ್ತನ್ನೇ ಆರಿಸಿ. ಪದೇ ಪದೇ ಗಾಯವಾಗುತ್ತಿದ್ದರೆ ಸಾಕೆಟ್ ಬದಲಿಸಬೇಕಾಗಿರಬಹುದು. 1944ರಿಂದ ನಡೆದುಬಂದಿರುವ ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್‌ನಂಥ ಕಡೆಗೆ ಮತ್ತೊಮ್ಮೆ ಹೋಗಿ ತೋರಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ತಂದೆ ನಿವೃತ್ತ ಹವಾಲ್ದಾರ್. ಬೆನ್ನುಹುರಿಗೆ ಪೆಟ್ಟಾಗಿ ಎದೆಯ ಕೆಳಗೆ ಸ್ಪರ್ಶವಿಲ್ಲ, ಗಾಲಿಕುರ್ಚಿಯಲ್ಲಿದ್ದಾರೆ. ಚಿಕ್ಕಂದಿನಲ್ಲಿ ಈಜಿದ ಸೂಳೆಕೆರೆಯನ್ನು ನೋಡಬೇಕೆಂದು ಅವರೇ ಕೇಳುತ್ತಿದ್ದಾರೆ. ಅಮ್ಮ ಹೆದರುತ್ತಾರೆ. ಕರೆದೊಯ್ಯಬಹುದೇ?
– ಚನ್ನಗಿರಿಯ ಓದುಗರು

ಉತ್ತರ: ಖಂಡಿತ ಕರೆದೊಯ್ಯಿರಿ. ಅವರೇ ಬಾಯಿಬಿಟ್ಟು ಕೇಳಿದ್ದಾರೆ ಎಂಬುದೇ ದೊಡ್ಡ ಸಂಗತಿ. ತಾಯಿಯವರ ಹೆದರಿಕೆಯನ್ನೂ ತಳ್ಳಿಹಾಕಬೇಡಿ, ಅದಕ್ಕೆ ಕಾರಣಗಳಿವೆ. ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅದರ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ, ಹಾಗಾಗಿ ನಮಗೆ ಹಿತವೆನಿಸುವ ಬಿಸಿಲು ಅವರ ಮೈಕಾವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೇಡ. ನವೆಂಬರ್‌ನಿಂದ ಫೆಬ್ರುವರಿಯೊಳಗಿನ ಒಂದು ಬೆಳಗ್ಗೆ ಹೊರಟು ಹತ್ತು ಗಂಟೆಯೊಳಗೆ ನೆರಳು ಸೇರಿ, ಮುಖ ಮತ್ತು ತೋಳಿಗೆ ಒದ್ದೆ ಬಟ್ಟೆ ಒತ್ತಲು ನೀರು ಜೊತೆಗಿರಲಿ. ಕಾರಿನಲ್ಲಿಯೂ ಅವರ ಗಾಲಿಕುರ್ಚಿಯ ಮೆತ್ತೆಯ ಮೇಲೆಯೇ ಕೂರಿಸಿ. ಸ್ಪರ್ಶವಿಲ್ಲದ ಜಾಗದಲ್ಲಿ ಒತ್ತಡದ ಹುಣ್ಣು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ, ವಾಸಿಯಾಗಲು ತಿಂಗಳುಗಳೇ ಬೇಕು. ಅರ್ಧ ಗಂಟೆಗೊಮ್ಮೆಯಾದರೂ ಕೈಯೂರಿ ಮೈ ಎತ್ತಿ ಅಥವಾ ಪಕ್ಕಕ್ಕೆ ವಾಲಿ ಭಾರ ಬದಲಿಸಬೇಕು.

ಇನ್ನೊಂದು ವಿಷಯವನ್ನು ಮನೆಯವರೆಲ್ಲರೂ ತಿಳಿದಿರಬೇಕು. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದರೆ, ಮೂತ್ರ ಹೊರಹೋಗಲು ಹಾಕಿರುವ ಕ್ಯಾತಿಟರ್ ನಳಿಕೆ ಮಡಿಸಿಕೊಂಡರೆ, ರಕ್ತದೊತ್ತಡ ಏಕಾಏಕಿ ಏರಿ ತಲೆ ಸಿಡಿಯತೊಡಗುತ್ತದೆ, ಮುಖ ಕೆಂಪೇರಿ ಬೆವರುತ್ತದೆ. ಆಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿಯಾದ ಉಡುಪು ಸಡಿಲಿಸಿ, ನಳಿಕೆ ಸರಿಯಿದೆಯೇ ನೋಡಿ. ತಕ್ಷಣ ಇಳಿಯದಿದ್ದರೆ ಹತ್ತಿರದ ಆಸ್ಪತ್ರೆಗೆ ಧಾವಿಸಿ. ನೀರಿಗಿಳಿಯುವ ಮಾತು ಮೊದಲ ಭೇಟಿಯಲ್ಲಿ ಬೇಡ. ದಂಡೆಯಲ್ಲಿ ಕುಳಿತು ನೋಡಿ ಬರಲಿ. ಗಾಲಿಕುರ್ಚಿಯನ್ನು ತಳ್ಳುವ ಮುನ್ನ ಅವರನ್ನು ಕೇಳಿ, ತಳ್ಳು ಎಂದ ಮೇಲೆ ತಳ್ಳಿ. ಕೆರೆಯ ಯಾವ ಬದಿಯಲ್ಲಿ ಈಜುತ್ತಿದ್ದರೋ ಅಲ್ಲಿಗೆ ದಾರಿ ತೋರಿಸುವವರು ಅವರೇ ಆಗಲಿ.

ಪ್ರಶ್ನೆ: ನಮ್ಮ ಮಾಜಿ ಸೈನಿಕರ ಸಂಘದಿಂದ ಅಂಗವಿಕಲ ಯೋಧರಿಗಾಗಿ ಕೊಂಡಜ್ಜಿಯಲ್ಲಿ ಎರಡು ದಿನದ ಶಿಬಿರ ಮಾಡಿ, ಕೊನೆಯಲ್ಲಿ ಸನ್ಮಾನ ಸಮಾರಂಭ ಇಟ್ಟುಕೊಳ್ಳಬೇಕೆಂದಿದ್ದೇವೆ. ಸಲಹೆ ನೀಡಿ.
– ದಾವಣಗೆರೆಯ ಓದುಗರು

ಉತ್ತರ: ಕೆರೆ, ಮರಗಿಡ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ತಾಣ ಎಲ್ಲವೂ ಒಂದೆಡೆ ಇರುವ ಕೊಂಡಜ್ಜಿ ಒಳ್ಳೆಯ ಆಯ್ಕೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 29ನೇ ಕಲಮು ಹೊರಾಂಗಣ ಶಿಬಿರ ಮತ್ತು ಸಾಹಸ ಚಟುವಟಿಕೆಗಳಲ್ಲಿ ಅಂಗವಿಕಲರು ಪಾಲ್ಗೊಳ್ಳಲು ಅನುವು ಮಾಡಿಕೊಡುವಂತೆ ಸರ್ಕಾರಕ್ಕೆ ಹೇಳುತ್ತದೆ. ಇಳಿಜಾರು ಹಾದಿ, ಗಾಲಿಕುರ್ಚಿ ಒಳಹೋಗುವ ಶೌಚಾಲಯ ಬೇಕೆಂದು ಜಿಲ್ಲಾಡಳಿತವನ್ನೂ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯನ್ನೂ ಕೇಳುವಾಗ ಇದನ್ನು ಪತ್ರದಲ್ಲಿ ಕಾಣಿಸಿ. ಶೌಚಾಲಯದ ಬಾಗಿಲಿನ ಅಗಲವನ್ನು ಟೇಪು ಹಿಡಿದು ನೀವೇ ಅಳೆದು ಬನ್ನಿ, ‘ಎಲ್ಲ ಇದೆ ಸಾರ್’ ಎಂಬ ಮಾತನ್ನು ನಂಬಿ ಹೊರಡಬೇಡಿ.

ಸನ್ಮಾನವನ್ನು ದಯವಿಟ್ಟು ಕೈಬಿಡಿ. ಹಾರ, ಶಾಲು, ಭಾಷಣಗಳ ನಡುವೆ ವೇದಿಕೆಯ ಮೇಲೆ ಕೂರಿಸಿದಾಗ ಅವರು ಮತ್ತೆ ಇತರರು ನೋಡುವ ವಸ್ತುವಾಗುತ್ತಾರೆ. ಪಟಾಕಿಯಂತೂ ಬೇಡವೇ ಬೇಡ. ಹತ್ತು ಹನ್ನೆರಡು ಮಂದಿಗಿಂತ ಹೆಚ್ಚು ಬೇಡ. ಅಡುಗೆ, ಡೇರೆ, ಮುಂಜಾನೆಯ ನಡಿಗೆಯ ದಾರಿ, ಹಾಜರಿ ಇವುಗಳ ಉಸ್ತುವಾರಿಯನ್ನು ಅವರವರಲ್ಲಿಯೇ ಹಂಚಿ, ಗಾಲಿಕುರ್ಚಿಯಲ್ಲಿರುವವರಿಗೂ ಒಂದು ಕೆಲಸ ಇರಲಿ. ಸೇನಾ ಕ್ಯಾಂಟೀನಿನ ಮದ್ಯದ ಬಾಟಲಿಗಳನ್ನು ಶಿಬಿರಕ್ಕೆ ತರಬಾರದೆಂದು ಮೊದಲೇ ತಿಳಿಸಿಬಿಡಿ, ನಿದ್ದೆಯ ಮತ್ತು ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಮದ್ಯ ಜೀವಕ್ಕೇ ಅಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಶಿಬಿರ ಮುಗಿಸಿ ಮುಂದಿನ ವರ್ಷದವರೆಗೆ ಸುಮ್ಮನಾಗಬೇಡಿ. ಶಿಬಿರದಲ್ಲಿ ಸಿಕ್ಕ ನೆಮ್ಮದಿ ಮನೆಗೆ ಮರಳಿದ ಕೆಲವು ವಾರಗಳಲ್ಲಿ ಕರಗಿಹೋಗುವುದುಂಟು. ಎರಡು ದಿನಕ್ಕೆ ಕೂಡಿಟ್ಟ ಹಣದಲ್ಲಿ ಅರ್ಧವನ್ನು ಉಳಿಸಿಕೊಂಡು, ಪ್ರತಿ ಭಾನುವಾರ ಬೆಳಗ್ಗೆ ಕುಂದವಾಡ ಕೆರೆಗೆ ಅವರನ್ನು ಕರೆತಂದು ಮನೆಗೆ ಬಿಡುವ ವಾಹನಕ್ಕೆ ಬಳಸಿ.